ಈರುಳ್ಳಿ ಸಿಪ್ಪೆಯಷ್ಟು ಜಾಗ

ಒಂದಾನೊಂದು ಕಾಲದಲ್ಲಿ, ಅಂದ್ರೆ ಈ ನನ್ನ ಸೊಂಟಕ್ಕೆ ನೋವು ಅಂದ್ರೇನು ಅಂತ ಗೊತ್ತಿಲ್ಲದ ಕಾಲಕ್ಕಿಂತ್ಲೂ ಎಷ್ಟೋ ಹಿಂದೆ, ಒಂದೂರಲ್ಲಿ ಹೊಂಬಾಳಮ್ಮ ಅಂತ ಒಬ್ಬ ಸೂಲಗಿತ್ತಿ ಇದ್ಲಂತೆ. ಸೂಲಗಿತ್ತಿ ಅಂದ್ರೆ ಹೆರಿಗೆ ಮಾಡಿಸೋಳು. ಕಾಲು ಆಡಿಸಬೇಡ ಮಗಾ, ಕಂಬಳಿ ಜಾರುತ್ತೆ, ಮತ್ತೆ ಎದ್ದು ಹೊದಿಸೋಕೆ ನನ್ನ ಕೈಲಾಗಲ್ಲ. ಸುತ್ತಮುತ್ತ ಏಳೂರಿಗೂ ಅವಳೊಬ್ಬಳೇ ಅಂತೆ. ಒಂದೂರಿಂದ ಬಂದು ಕಾಲಿಗೆ ನೀರು ಹುಯ್ಕೊಳ್ಳೋ ಅಷ್ಟರಲ್ಲಿ ಇನ್ನೊಂದೂರೋರು ಬಾಗಿಲಲ್ಲಿ ನಿಂತಿರೋರಂತೆ. ಸೂಲಗಿತ್ತಿನ ಕರೆಯೋಕೆ ಬಂದೋರನ್ನ ಕಾಯಿಸಬಾರದು, ಹಂಗೇ ಎದ್ದು ಹೊರಡಬೇಕು ಅನ್ನೋದು ಆ ಕಡೆ ಪದ್ಧತಿ. ಅದಕ್ಕೇ ಪಾಪ, ಅವಳು ಬಿಸಿ ಮುದ್ದೆ ಪೂರ್ತಿ ಉಂಡಿದ್ದೇ ಇಲ್ಲವಂತೆ.

ಅವಳ ಎಲೆಅಡಿಕೆ ಚೀಲದಲ್ಲಿ ಒಂದು ಮಡಿಸೋ ಚಾಕು ಇತ್ತಂತೆ. ಕೊಂಬಿನ ಹಿಡಿ, ಆ ಹಿಡಿ ಎರಡು ಹೋಳು, ನಡುವೆ ಅಲಗು, ಮೂರನ್ನೂ ಸೇರಿಸಿ ಒಂದೇ ಒಂದು ಮೊಳೆ. ಬಿಚ್ಚಿದ್ರೆ ಚಾಕು, ಮಡಿಚಿದ್ರೆ ತನ್ನ ಮನೆಯೊಳಗೆ ತಾನೇ ಮಲಗಿಬಿಡೋದು, ನಿನಗಿಂತ ಎಷ್ಟೋ ವಾಸಿ. ಕೂಸಿನ ಹೊಕ್ಕಳಬಳ್ಳಿ ಕುಯ್ಯೋಕೆ ಆ ಚಾಕು ಬಿಟ್ಟು ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲವಂತೆ. ತರಕಾರಿ ಹೆಚ್ಚಿದ ಚಾಕು ಕೂಸಿಗೆ ಮುಟ್ಟಿಸಬಾರದು, ಕೂಸಿಗೆ ಮುಟ್ಟಿಸಿದ್ದು ತರಕಾರಿಗೆ ಬರಬಾರದು. ಇದೂ ಪದ್ಧತೀನೇ.

ಹಿಂಗೆ ಬಿಚ್ಚಿ ಮಡಿಚಿ, ಬಿಚ್ಚಿ ಮಡಿಚಿ ಆ ಮೊಳೆ ಸವೆದುಹೋಯ್ತಂತೆ. ಅಲಗು ಅಲ್ಲಾಡೋಕೆ ಶುರುವಾಯ್ತಂತೆ. ಆಮೇಲೆ ಒಂದು ದಿನ ಹೊಂಬಾಳಮ್ಮ ಯಾವುದೋ ಊರಿಂದ ಬಿಸಿಲಲ್ಲಿ ನಡ್ಕೊಂಡು ಬಂದ್ಲಂತೆ. ಮನೇಲಿ ಅವಳ ಕಿರೀ ಸೊಸೆ ಚೆಲುವಿ, ತುಂಬಿದ ಬಸುರಿ, ಇವತ್ತೋ ನಾಳೆಯೋ ಅನ್ನೋ ಹಾಗೆ. ಹೊಂಬಾಳಮ್ಮ ತನ್ನ ಮೂರು ಜನ ಗಂಡುಮಕ್ಕಳನ್ನೂ ಕರೆದು, ನೋಡ್ರಪ್ಪಾ, ಚಾಕು ಅಲ್ಲಾಡ್ತದೆ, ನನ್ನ ಕೈ ಅದಕ್ಕಿಂತ ಹೆಚ್ಚು ಅಲ್ಲಾಡ್ತದೆ, ಚೆಲುವಿ ಕೂಸಿಗೆ ಇದನ್ನ ಹಿಡಿಯೋಕೆ ನನಗೆ ಭಯ ಆಗ್ತದೆ, ಒಂಚೂರು ಮಲಗ್ತೀನಿ, ಏಳೋ ಹೊತ್ತಿಗೆ ಸರಿ ಮಾಡಿಡಿ ಅಂದ್ಲಂತೆ. ಅಂದವಳು ಕಾಲಿನ ಮಣ್ಣೂ ತೊಳೀದೆ ಗೋಡೆಗೆ ಒರಗಿದ್ಲು, ಹಂಗೇ ನಿದ್ದೆ.

ದೊಡ್ಡ ಮಗ ಸುತ್ತಿಗೆ ತಂದ್ನಂತೆ. ಅಲ್ಲಾಡ್ತದೆ ತಾನೆ, ಬಿಗಿ ಮಾಡಿದ್ರಾಯ್ತು ಅಂತ ಮೊಳೆ ಮೇಲೆ ನಾಲ್ಕು ಏಟು ಹಾಕಿದ್ನಂತೆ. ಬಿಗಿ ಅಂದ್ರೆ ಅಂಥಾ ಬಿಗಿ, ಆಮೇಲೆ ಚಾಕು ಬಿಚ್ಚಲೇ ಇಲ್ಲ. ಎಳೆದ, ಹಲ್ಲಲ್ಲಿ ಕಚ್ಚಿ ಎಳೆದ, ಉಹೂಂ. ಎತ್ತಿಗೆ ನೀರು ಕುಡಿಸಬೇಕು ಅಂತ ಎದ್ದು ಹೋದ್ನಂತೆ.

ನಡುಕಲ ಮಗ ಅದನ್ನ ತಗೊಂಡು, ಅಣ್ಣನಿಗೆ ಬುದ್ಧಿ ಇಲ್ಲ ಅಂತ, ಎರಡು ಹೋಳಿನ ಸಂದಿಗೆ ಉಳಿ ಹಾಕಿ ಮೀಟಿದ್ನಂತೆ. ಸಡಿಲ ಆಯ್ತು. ಎಷ್ಟು ಸಡಿಲ ಅಂದ್ರೆ ಬಿಚ್ಚಿ ಹಿಡಿಯೋಕೂ ಮುಂಚೆ ಅಲಗು ತಾನಾಗೇ ಮಡಿಚ್ಕೊಂಡು ಅವನ ಬೆರಳನ್ನೇ ಕುಯ್ತಂತೆ. ಅವನೂ ಬೆರಳು ಚೀಪ್ಕೊಂಡು, ನನಗೂ ಕೆಲಸ ಇದೆ ಅಂತ ಹೋದ್ನಂತೆ.

ಕಿರೀ ಮಗ, ಚೆಲುವಿ ಗಂಡ, ಅವನು ಬಲು ಜಾಣ. ಒಳಗೇನಾಗಿದೆ ನೋಡದೆ ಹೆಂಗೆ ಸರಿ ಮಾಡ್ತೀರಿ ಅಂತ ಮೊಳೆ ಕಿತ್ತು ಎಲ್ಲಾನೂ ಬಿಡಿಸಿ ಮೊರದಲ್ಲಿ ಹರಡಿದ್ನಂತೆ. ನೋಡಿದ್ನಂತೆ. ತುಂಬಾ ಹೊತ್ತು ನೋಡಿದ್ನಂತೆ. ಆಮೇಲೆ ಯಾವ ಹೋಳು ಯಾವ ಕಡೆ ಅಂತಾನೇ ಮರೆತುಹೋಗಿ, ಅಣ್ಣಂದಿರನ್ನ ಕೇಳ್ಕೊಂಡು ಬರ್ತೀನಿ ಅಂತ ಅವನೂ ಹೋದ್ನಂತೆ. ನಗಬೇಡ, ನಿಮ್ಮಪ್ಪ ಗಡಿಯಾರ ಬಿಚ್ಚಿದ್ದು ನೆನಪಿಲ್ವಾ.

ಉಳಿದೋಳು ಚೆಲುವಿ. ಮೊರದಲ್ಲಿ ಚಾಕು ಚೂರುಚೂರು, ಅವಳ ಸೊಂಟದಲ್ಲಿ ಆಗಲೇ ಸಣ್ಣಗೆ ನೋವು. ಅತ್ತೇನ ಎಬ್ಬಿಸೋಣ ಅಂತ ಹತ್ತಿರ ಹೋದ್ಲಂತೆ. ಒಡೆದ ಹಿಮ್ಮಡಿ, ಅದರಲ್ಲಿ ಒಣಗಿದ ಕೆಸರು, ನಿದ್ದೇಲೂ ನಡುಗೋ ಬೆರಳು ನೋಡಿ ಎಬ್ಬಿಸೋಕೆ ಮನಸ್ಸು ಬರಲಿಲ್ಲವಂತೆ. ತಾನೇ ಕೂತ್ಕೊಂಡ್ಲು. ಅಲಗಿಗೆ ಮೆತ್ತಿದ್ದ ಕಿಲುಬನ್ನ ಬೂದಿ ಹಾಕಿ ಉಜ್ಜಿದ್ಲು. ಸವೆದ ಮೊಳೆ ಬದಲಿಗೆ ದೀಪದ ಸರಪಳಿಯಿಂದ ಒಂದು ತುಂಡು ತಾಮ್ರದ ತಂತಿ ಕಿತ್ತು ತೂರಿಸಿ, ಅತ್ತೆ ಎಲೆಅಡಿಕೆ ಕುಟ್ಟೋ ಕಬ್ಬಿಣದಿಂದ ಅದರ ತುದೀನ ಮೆಲ್ಲಗೆ ತಟ್ಟಿದ್ಲಂತೆ. ಅದೂ ಬಿಗಿ ಆಯ್ತು. ಮತ್ತೆ ಬಿಚ್ಚಿ ಮತ್ತೆ ತಟ್ಟಿದ್ರೆ ಸಡಿಲ ಆಯ್ತು.

ಇನ್ನು ನನ್ನ ಕೈಲಾಗಲ್ಲ ಅಂತ ಅವಳಿಗೆ ಅಳು ಬಂತಂತೆ. ಸಾರಿಗೆ ಈರುಳ್ಳಿ ಬಿಡಿಸೋದು ಬೇರೆ ಇತ್ತು. ಈರುಳ್ಳಿ ಮುಂದೆ ಇಟ್ಕೊಂಡು ಅತ್ತರೆ ಯಾಕೆ ಅಂತ ಯಾರೂ ಕೇಳಲ್ಲ ನೋಡು, ಅದಕ್ಕೆ ಸಮಾಧಾನವಾಗಿ ಕೂತು ಅತ್ಲಂತೆ. ಆಮೇಲೆ ಕಣ್ಣು ಒರೆಸ್ಕೊಂಡು ಕೊನೇ ಸಲ ನೋಡೇಬಿಡೋಣ ಅಂತ ಮತ್ತೆ ಜೋಡಿಸಿ ತಟ್ಟಿದ್ಲಂತೆ. ಕಣ್ಣು ಮಂಜಾಗಿತ್ತು, ಅಲಗಿನ ಪಕ್ಕಕ್ಕೆ ಒಂದು ಚೂರು ಈರುಳ್ಳಿ ಸಿಪ್ಪೆ ಸೇರ್ಕೊಂಡಿದ್ದು ಕಾಣಲೇ ಇಲ್ಲ. ತಟ್ಟಿ ಆದ ಮೇಲೆ ಸಂದಿಯಲ್ಲಿ ಕೆಂಪಗೆ ಏನೋ ಕಾಣ್ತು, ಎಳೆದ್ಲು, ಸಿಪ್ಪೆ ಬಂತು. ಸಿಪ್ಪೆ ಇದ್ದ ಜಾಗ ಖಾಲಿ ಆಯ್ತಲ್ಲ, ಅಷ್ಟೇ ಜಾಗ ಸಾಕಾಯ್ತಂತೆ ಚಾಕೂಗೆ. ಒಂದು ತೊಟ್ಟು ಹರಳೆಣ್ಣೆ ಬಿಟ್ಟು ಬಿಚ್ಚಿದ್ರೆ ಬಿಚ್ಚಿತು, ನಿಲ್ಲು ಅಂದಲ್ಲಿ ನಿಂತಿತು, ಮಡಿಚಿದ್ರೆ ಟಕ್ ಅಂತ ಒಳಗೆ ಹೋಯ್ತು.

ಅಷ್ಟರಲ್ಲಿ ನೋವು ಜೋರಾಯ್ತಂತೆ. ಅತ್ತೆಮ್ಮಾ ಅಂತ ಕೂಗಿದ್ಲು, ಹೊಂಬಾಳಮ್ಮ ಎದ್ದು ನೀರು ಕಾಯಿಸಿದ್ಲು, ಚಾಕುನ ಕುದಿಯೋ ನೀರಲ್ಲಿ ಅದ್ದಿದ್ಲು. ದೀಪ ಹಚ್ಚೋ ಹೊತ್ತಿಗೆ ಹೆಣ್ಣುಕೂಸು. ಬಳ್ಳಿ ಕುಯ್ಯೋವಾಗ ಅಲಗು ಒಂಚೂರೂ ಅಲ್ಲಾಡಲಿಲ್ಲ, ನಿದ್ದೆ ಮಾಡಿದ್ದ ಕೈಯೂ ಅಲ್ಲಾಡಲಿಲ್ಲವಂತೆ.

ಗಂಡುಮಕ್ಕಳು ಮೂವರೂ ಮನೆಗೆ ವಾಪಸ್ ಬಂದ್ರು. ಕೂಸಿಗೆ ಇನ್ನೂ ಬಟ್ಟೆ ಸುತ್ತುತ್ತಾ ಇರೋವಾಗಲೇ ಬಾಗಿಲಲ್ಲಿ ಪಕ್ಕದೂರಿನ ಗಂಡಸೊಬ್ಬ. ಹೊಂಬಾಳಮ್ಮ ಸೆರಗು ಸಿಕ್ಕಿಸ್ಕೊಂಡು ಹೊರಟೇಬಿಟ್ಲು. ಆಗ ಬಾಣಂತಿ ಚೆಲುವಿ ಮಲಗಿದ್ದಲ್ಲಿಂದಲೇ, ಅಣ್ಣಾ, ಇದು ಎಷ್ಟನೇ ಹೆರಿಗೆ, ನೋವು ಯಾವಾಗ ಶುರುವಾಯ್ತು ಅಂತ ಕೇಳಿದ್ಲಂತೆ. ಚೊಚ್ಚಲು ತಾಯಿ, ಈಗಿನ್ನೂ ಶುರು ಅಂದ್ನಂತೆ. ಹಂಗಾದ್ರೆ ಹೊತ್ತಿದೆ, ಕೂತ್ಕೋ, ನನ್ನ ಗಂಡ ನಿನಗೆ ಮುದ್ದೆ ಬಡಿಸ್ತಾನೆ, ನೀನು ಉಂಡು ಮುಗಿಸೋವರೆಗೆ ನಮ್ಮತ್ತೇನೂ ಉಣ್ಣಲಿ, ಭಾವ ಗಾಡಿ ಕಟ್ಟೋವರೆಗೆ ಕಾಲು ಚಾಚಲಿ ಅಂದ್ಲಂತೆ. ಆಮೇಲೆ ಅತ್ತೆ ಕಡೆ ತಿರುಗಿ, ಆ ಚಾಕೂಗೆ ಹೊಸ ಮೊಳೆ ಒಂದೇ ಸಾಲಲಿಲ್ಲ ಅತ್ತೆಮ್ಮಾ, ಆಡೋಕೆ ಈರುಳ್ಳಿ ಸಿಪ್ಪೆಯಷ್ಟು ಜಾಗ ಬೇಕಿತ್ತು, ನಿಮಗೂ ಅಷ್ಟೇ ಬೇಕಾಗಿರೋದು ಅಂದ್ಲಂತೆ.

ಹೊಂಬಾಳಮ್ಮ ಸಿಕ್ಕಿಸಿದ್ದ ಸೆರಗು ಬಿಚ್ಚಿದ್ಲಂತೆ. ಕೂತ್ಕೊಂಡ್ಲು. ಕಾಲಿನ ಕೆಸರು ತೊಳ್ಕೊಂಡ್ಲು. ಬಿಸಿ ಮುದ್ದೆ ಪೂರ್ತಿ ಉಂಡ್ಲು. ಉಣ್ತಾ ಉಣ್ತಾ ಅವಳಿಗೆ ಕಣ್ಣಲ್ಲಿ ನೀರು ಬಂತಂತೆ, ಎದುರಿಗೆ ಈರುಳ್ಳಿ ಇರಲಿಲ್ಲ. ಆಮೇಲೆ ಗಾಡಿಯಲ್ಲಿ ಹೋಗಿ ಆ ಊರಲ್ಲೂ ಚೆಂದಾಗಿ ಹೆರಿಗೆ ಮಾಡಿಸಿ ಬಂದ್ಲಂತೆ. ಅವತ್ತಿಂದ ಏಳೂರಲ್ಲೂ, ಹೊತ್ತಿದ್ದರೆ ಸೂಲಗಿತ್ತಿ ಉಂಡೇ ಹೊರಡಬೇಕು, ಕರೆಯೋಕೆ ಬಂದೋರು ಗಾಡಿ ತರಬೇಕು ಅಂತ ಹೊಸ ಪದ್ಧತಿ ಆಯ್ತಂತೆ. ಎಲ್ಲರೂ ಸುಖವಾಗಿದ್ರಂತೆ.

ಕತೆ ಮುಗೀತು, ಚಾಕು ಮಡಿಚ್ಕೊಳ್ತು. ನಾಳೆ ಬೆಳಿಗ್ಗೆ ಮತ್ತೆ ಒಲೆ ಮುಂದೆ ನಾನೇ ಕೂರಬೇಕು ಮಗಾ. ಆ ಗೋಡೆ ಕಡೆ ಒಂಚೂರು ಸರಿ. ಇನ್ನೂ ಒಂಚೂರು. ಹಾಂ, ಅಷ್ಟು ಸಾಕು.