ಇನ್ನೊಂದು ಪ್ರತಿ ಇಲ್ಲದ ಚಿತ್ರ

ಗದಗಿನಲ್ಲಿ ಚನ್ನವೀರಪ್ಪನೆಂಬ ಎಣ್ಣೆ ವ್ಯಾಪಾರಿ ಇದ್ದ. ಶೇಂಗಾ ಎಣ್ಣೆಯ ಮಿಲ್ಲು, ಪೇಟೆಯಲ್ಲಿ ಎರಡು ಅಂಗಡಿ, ಉಣ್ಣಲು ಉಡಲು ಯಾವುದಕ್ಕೂ ಕಡಿಮೆ ಇರಲಿಲ್ಲ. ಕೈಗೊಂದು ಮೊಬೈಲ್ ಬರುವುದಕ್ಕೆ ಬಹಳ ಮೊದಲಿನ ಮಾತಿದು. ಆಗ ಬಡವರ ಮನೆಯಲ್ಲಿ ಫೋಟೋ ಎಂದರೆ ಮದುವೆಗೊಂದು, ಅದೂ ಆದರೆ ಆಯಿತು. ಅಂಥ ಕಾಲದಲ್ಲಿ ಚನ್ನವೀರಪ್ಪನಿಗೆ ಫೋಟೋ ಕೂಡಿಸುವ ಹುಚ್ಚು ಹಿಡಿಯಿತು. ತನ್ನ ಮನೆಮಂದಿಯ ಫೋಟೋ ಅಲ್ಲ. ಕಲೆಯೆಂದು ಗಾಜು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರಲ್ಲ, ಯಾರೋ ತೆಗೆದ ಯಾರದೋ ಫೋಟೋ, ಅಂಥವು.

ಹುಚ್ಚು ಹತ್ತಿದ್ದು ಮುಂಬೈಯಲ್ಲಿ. ವ್ಯಾಪಾರಕ್ಕೆ ಹೋದವನು ಮಳೆಗೆ ಹೆದರಿ ಒಂದು ಚಿತ್ರಶಾಲೆಯೊಳಗೆ ನಿಂತ. ಅಲ್ಲಿ ದೊಡ್ಡ ಮನುಷ್ಯರು ಕಪ್ಪು ಬಿಳುಪು ಫೋಟೋಗಳ ಮುಂದೆ ಕೈಕಟ್ಟಿ ನಿಂತು ಪಿಸುಮಾತಿನಲ್ಲಿ ಮೆಚ್ಚುತ್ತಿದ್ದರು. ಚಿತ್ರಶಾಲೆಯವನು ಒಂದು ಫೋಟೋದ ಬೆನ್ನು ತಿರುಗಿಸಿ ಇವನಿಗೆ ತೋರಿಸಿದ. ಪೆನ್ಸಿಲ್ಲಿನಲ್ಲಿ ‘ಹತ್ತರಲ್ಲಿ ಮೂರು’ ಎಂದು ಬರೆದಿತ್ತು. ಆ ನೆಗೆಟಿವ್‌ನಿಂದ ಹತ್ತೇ ಪ್ರತಿ ತೆಗೆಯುತ್ತಾರೆ, ಇದು ಮೂರನೆಯದು, ಹನ್ನೊಂದನೆಯದು ಎಂದೂ ಹುಟ್ಟುವುದಿಲ್ಲ ಎಂದು ಬಿಡಿಸಿ ಹೇಳಿದ. ಪ್ರತಿ ಕಡಿಮೆಯಾದಷ್ಟೂ ಇಟ್ಟುಕೊಂಡವನ ಮರ್ಯಾದೆ ಹೆಚ್ಚು.

ಚನ್ನವೀರಪ್ಪ ಅದನ್ನು ಕೊಂಡ. ಆಮೇಲೆ ಇನ್ನಷ್ಟು ಕೊಂಡ. ನಾಲ್ಕೈದು ವರ್ಷಗಳಲ್ಲಿ ಪಡಸಾಲೆಯ ಗೋಡೆ ತುಂಬಿತು. ಬೀಗರು ಬಂದರೆ, ಬ್ಯಾಂಕಿನ ಸಾಹೇಬರು ಬಂದರೆ ಮೊದಲು ಫೋಟೋ, ಆಮೇಲೆ ಚಹಾ. ಅವರು ಚಿತ್ರ ನೋಡುತ್ತಿದ್ದರು, ಇವನು ಅವರ ಮುಖ ನೋಡುತ್ತಿದ್ದ. ಅವರ ಹುಬ್ಬು ಮೇಲೇರಿದರೆ ಇವನಿಗೆ ಹೊಟ್ಟೆ ತುಂಬಿದ ಹಾಗೆ. ಆದರೂ ಒಳಗೊಂದು ಮುಳ್ಳು ಚುಚ್ಚುತ್ತಲೇ ಇತ್ತು. ತನ್ನದು ಹತ್ತರಲ್ಲಿ ಮೂರನೆಯದು. ಹಾಗಾದರೆ ಮಿಕ್ಕ ಒಂಬತ್ತು ಯಾರ ಮನೆಯಲ್ಲಿವೆ? ಅವರೂ ಹೀಗೇ ಬೀಗುತ್ತಿರಬೇಕಲ್ಲ?

ಅದೇ ಊರಿನ ಸ್ಟೇಶನ್ ರಸ್ತೆಯಲ್ಲಿ ಹುಸೇನಸಾಬರ ಫೋಟೋ ಸ್ಟುಡಿಯೋ ಇತ್ತು. ಸಾಬರು ನಲವತ್ತು ವರ್ಷ ಪಾಸ್‌ಪೋರ್ಟ್ ಫೋಟೋ, ಮದುಮಕ್ಕಳ ಫೋಟೋ ತೆಗೆದೇ ಬೆನ್ನು ಬಾಗಿಸಿಕೊಂಡವರು. ಶುಕ್ರವಾರ ಬಿಡುವಾದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸುತ್ತುತ್ತಿದ್ದರು. ತಮಗೆ ಬೇಕಾದ ಚಿತ್ರ ತೆಗೆದು, ಡಾರ್ಕ್‌ರೂಮಿನ ಗೋಡೆಗೆ ಅಂಟಿಸಿ, ತಾವೇ ನೋಡಿಕೊಳ್ಳುತ್ತಿದ್ದರು. ಅವನ್ನು ಕೇಳಿದವರು ಯಾರೂ ಇಲ್ಲ.

ಒಂದು ದಿನ ಲೈಸೆನ್ಸಿಗೆ ಫೋಟೋ ತೆಗೆಸಲು ಹೋದ ಚನ್ನವೀರಪ್ಪನ ಕಣ್ಣು ತೆರೆದಿದ್ದ ಬಾಗಿಲಿನಿಂದ ಆ ಗೋಡೆಗೆ ಬಿತ್ತು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಒಳಗೆ ತೆಗೆದ ಚಿತ್ರವೊಂದಿತ್ತು. ಮೇಲಿನ ಬೆಳಕಿಂಡಿಯಿಂದ ಓರೆಯಾಗಿ ಬಿಸಿಲು ಇಳಿದಿದೆ. ಬಿಸಿಲಿನ ತುಂಬ ಅರಳೆಯ ಧೂಳು. ನಡುವೆ ಕೂಲಿಯ ಹುಡುಗಿಯೊಬ್ಬಳು ನಿಂತಿದ್ದಾಳೆ. ತಲೆಗೂದಲು, ಹುಬ್ಬು ಎಲ್ಲ ಅರಳೆ ಕೂತು ಬೆಳ್ಳಗಾಗಿ, ಹದಿನೆಂಟರ ಹುಡುಗಿ ಎಪ್ಪತ್ತರ ಮುದುಕಿಯ ಹಾಗೆ ಕಾಣುತ್ತಾಳೆ.

ಮುಂಬೈಯಲ್ಲಿ ಇಷ್ಟು ನೋಡಿದವನಿಗೂ ಇಂಥದ್ದು ಸಿಕ್ಕಿರಲಿಲ್ಲ. ಅವನು ಅಲ್ಲೇ ಕೂತುಬಿಟ್ಟ.

“ಸಾಬರ, ಇದನ್ನ ದೊಡ್ಡದು ಮಾಡಿ ನನಗ ಕೊಡ್ರಿ. ಇದು ಫೋಟೋ ಅಲ್ಲ, ಕಲೆ.”

ನಲವತ್ತು ವರ್ಷದಲ್ಲಿ ಸಾಬರಿಗೆ ಆ ಮಾತು ಹೇಳಿದವರು ಅವನೊಬ್ಬನೇ. ಪಾಪ, ಅವರ ಕಣ್ಣಲ್ಲಿ ನೀರು ಬಂತು.

“ತಗೋರಿ ಸಾವ್ಕಾರ್ರ. ಎಷ್ಟು ಬೇಕಾದ್ರೂ ಮಾಡಿಕೊಡ್ತೀನಿ.”

“ಎಷ್ಟು ಬೇಕಾದ್ರೂ ಅಲ್ಲ. ಒಂದ. ಆಮ್ಯಾಲ ನನ್ನ ಮುಂದ ನೆಗೆಟಿವ್ ಕತ್ತರಿಸಬೇಕು. ಗ್ವಾಡಿಗೆ ಅಂಟಿಸಿದ್ದೂ ಹರೀಬೇಕು. ಬೆನ್ನಿಗೆ ‘ಒಂದರಲ್ಲಿ ಒಂದು’ ಅಂತ ಬರದು ಸಹಿ ಹಾಕ್ರಿ.”

ಸಾಬರ ಮುಖ ಸಣ್ಣದಾಯಿತು. “ಆ ಹುಡುಗಿ ನೀಲವ್ವಗ ಒಂದು ಕಾಪಿ ಕೊಡ್ತೀನಂತ ಮಾತು ಕೊಟ್ಟೀನ್ರಿ. ಅವರವ್ವ ಗಾಳೆವ್ವ ಅಂತ, ಅದ ಜಿನ್ನಿನಾಗ ಕಸಾ ಹೊಡಿತಾಳ. ಮಗಳ ಫೋಟೋ ಒಂದೂ ಇಲ್ಲಂತ ಅವರ ಮನ್ಯಾಗ.”

“ಹುಡುಗಿ ಇಲ್ಲೇ ಅದಾಳಲ್ಲ, ಎಲ್ಲಿಗೆ ಹೋಗ್ತಾಳ? ಇನ್ನೊಂದು ತಗದು ಕೊಡ್ರಿ. ಛಲೋ ಸೀರಿ ಉಡಿಸಿ, ಬಣ್ಣದ್ದು ತಗೀರಿ. ಆಕಿಗೂ ಅದ ಸೇರತೈತಿ.”

ಮಾತು ಸರಿಯಾಗಿಯೇ ಇತ್ತು, ಕೇಳುವುದಕ್ಕೆ. ಸಾಬರು ಎರಡು ದಿನ ಯೋಚಿಸಿದರು. ಕಲೆ ಎಂದವನ ಮಾತನ್ನು ತೆಗೆದುಹಾಕಲು ಅವರಿಗೂ ಮನಸ್ಸು ಬರಲಿಲ್ಲ. ಮೂರನೆಯ ದಿನ ದೊಡ್ಡ ಕಾಗದದ ಮೇಲೆ ಚಿತ್ರ ಮೂಡಿಸಿದರು.

ಇಲ್ಲೊಂದು ಕೆಲಸದ ಗುಟ್ಟು ಹೇಳಬೇಕು. ಮೂಡಿದ ಚಿತ್ರ ನಿಲ್ಲಲೆಂದು ಅದನ್ನು ಹೈಪೋ ಎಂಬ ಮದ್ದಿನ ನೀರಿನಲ್ಲಿ ಅದ್ದುತ್ತಾರೆ. ಅದ್ದಿದ ಮೇಲೆ ಆ ಮದ್ದನ್ನೆಲ್ಲ ತೊಳೆದು ತೆಗೆಯಬೇಕು. ಹರಿಯುವ ನೀರಿನಲ್ಲಿ ಒಂದು ತಾಸು. ಆ ದಿನ ಗದಗಿನಲ್ಲಿ ನಳದಲ್ಲಿ ನೀರು ಬಂದು ಆರು ದಿನವಾಗಿತ್ತು. ಸ್ಟುಡಿಯೋದಲ್ಲಿ ಉಳಿದದ್ದು ಒಂದು ಬಕೆಟ್ ನೀರು.

“ನಾಳೆ ನಳ ಬರ್ತಾವ ಸಾವ್ಕಾರ್ರ. ಚಂದಂಗ ತೊಳದು, ಒಣಗಿಸಿ ನಾನ ತಂದು ಕೊಡ್ತೀನಿ. ಹೈಪೋ ಒಳಗ ಉಳೀತಂದ್ರ ಇವತ್ತು ಗೊತ್ತಾಗೂದಿಲ್ಲ, ಮುಂದ ಅದ ಚಿತ್ರ ತಿಂದುಬಿಡತೈತಿ.”

ಆ ಸಂಜೆಯೇ ಮುಂಬೈಯ ಚಿತ್ರಶಾಲೆಯವನು ಊಟಕ್ಕೆ ಬರುವವನಿದ್ದ. ‘ಒಂದರಲ್ಲಿ ಒಂದು’ ಎಂದು ಅವನಿಗೆ ತೋರಿಸದೆ ಹೋದರೆ ಚನ್ನವೀರಪ್ಪನಿಗೆ ಅನ್ನ ಇಳಿಯುವುದಿಲ್ಲ. “ಇರೂ ನೀರಾಗ ಎರಡು ಸಲ ಅದ್ದಿ ಕೊಡ್ರಿ, ಸಾಕು” ಎಂದ. ಸಾಬರು ಅದ್ದಿದರು. ಕತ್ತರಿ ತೆಗೆದುಕೊಂಡು ನೆಗೆಟಿವ್ ಕತ್ತರಿಸಿದರು. ಗೋಡೆಯದನ್ನು ಹರಿದರು. ಚೂರುಗಳನ್ನು ಚನ್ನವೀರಪ್ಪ ಬೊಗಸೆಯಲ್ಲಿ ಹಿಡಿದು ನೋಡಿ, ಸಮಾಧಾನವಾದ ಮೇಲೆ ಬುಟ್ಟಿಗೆ ಹಾಕಿದ.

ಸಂಜೆ ಚಿತ್ರಶಾಲೆಯವನ ಹುಬ್ಬು ಚೆನ್ನಾಗಿಯೇ ಮೇಲೇರಿತು. ಚನ್ನವೀರಪ್ಪ ಆ ರಾತ್ರಿ ಸುಖವಾಗಿ ಮಲಗಿದ.

ಸಾಬರು ಬಣ್ಣದ ಫೋಟೋ ತೆಗೆಯಲು ನೀಲವ್ವನಿಗೆ ಹೇಳಿ ಕಳಿಸಿದರು. ಸುಗ್ಗಿಯ ಕೆಲಸ ಮುಗಿಯಲಿ, ಹೊಸ ಸೀರೆ ಉಟ್ಟು ಬರುತ್ತೇನೆ ಎಂದಳು ಹುಡುಗಿ. ಸುಗ್ಗಿ ಮುಗಿಯಿತು, ಆಕೆಗೆ ಕೆಮ್ಮು ಹತ್ತಿತು, ಕೆಮ್ಮಿನ ಹಿಂದೆ ಜ್ವರ. ಹೋಳಿಹುಣ್ಣಿಮೆಯ ಹೊತ್ತಿಗೆ ನೀಲವ್ವ ಮಣ್ಣಿನಲ್ಲಿದ್ದಳು.

ಹದಿಮೂರನೆಯ ದಿನ ಗಾಳೆವ್ವ ಸ್ಟುಡಿಯೋಕ್ಕೆ ಬಂದಳು. ಸಾಬರು ತಲೆ ಮೇಲೆ ಕೈ ಹೊತ್ತು ಕೂತರು. ತಮ್ಮ ಬಳಿ ಏನೂ ಉಳಿದಿಲ್ಲ, ಇರುವ ಒಂದು ಸಾವ್ಕಾರರ ಮನೆಯಲ್ಲಿದೆ, ಅದನ್ನು ತಾಸು ಹೊತ್ತು ತಂದರೆ ಅದರದೇ ಫೋಟೋ ತೆಗೆದು ಇನ್ನೊಂದು ಮಾಡಿಕೊಡುತ್ತೇನೆ ಎಂದರು. ಗಾಳೆವ್ವ ಅಲ್ಲಿಂದ ನೇರ ಚನ್ನವೀರಪ್ಪನ ಮನೆಯ ಕಟ್ಟೆಗೆ ಬಂದಳು.

“ಎಪ್ಪಾ, ನನ್ನ ಮಗಳ ಫೋಟೋ ನಿಮ್ಮಲ್ಲಿ ಐತಂತ. ಸಾಬರು ಕಾಪಿ ತಗೀತಾರಂತ. ಒಂದ ತಾಸು ಕೊಡ್ರಿ. ಬೇಕಾದ್ರ ನಿಮ್ಮ ಆಳನ್ನ ಜೋಡಿ ಕಳಸ್ರಿ.”

ಚನ್ನವೀರಪ್ಪ ಕಲ್ಲುಹೃದಯದವನಲ್ಲ. ಹುಡುಗಿ ಸತ್ತಳೆಂದು ಕೇಳಿ ಅವನಿಗೂ ಕೆಟ್ಟದೆನಿಸಿತು. ಆದರೆ ಕಾಪಿ ಎಂದ ಕೂಡಲೆ ಬೆನ್ನಿಗೆ ಬರೆಸಿದ ಅಕ್ಷರ ನೆನಪಾಯಿತು. ಇನ್ನೊಂದು ಹುಟ್ಟಿದರೆ ತನ್ನದು ಎರಡರಲ್ಲಿ ಒಂದಾಗುತ್ತದೆ. ನಾಲಗೆಯ ತುದಿಗೆ ಸುಳ್ಳು ಬಂದು ಕೂತಿತು.

“ಅದು ಮುಂಬೈಗೆ ಪ್ರದರ್ಶನಕ್ಕ ಹೋಗೇತಿ ನೋಡಬೇ. ದೀಪಾವಳಿ ಆದಮ್ಯಾಲ ಬಾ.”

ಹೇಳಿದ ಸುಳ್ಳಿಗೆ ಕಾವಲು ಬೇಕಲ್ಲ. ಚಿತ್ರವನ್ನು ಗೋಡೆಯಿಂದ ಇಳಿಸಿ, ಗಾಜು ಕಟ್ಟು ಬಿಚ್ಚಿ, ಕಪ್ಪು ಕಾಗದ ಸುತ್ತಿ, ಉಕ್ಕಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಬಂದವರಿಗೂ ಮುಂಬೈ ಎಂದೇ ಹೇಳಿದ.

ಮಳೆಗಾಲ ಬಂತು, ಹೋಯಿತು. ದೀಪಾವಳಿ ಆದಮೇಲೆ ಗಾಳೆವ್ವ ಬಂದಳು. “ಇನ್ನೂ ಬಂದಿಲ್ಲಬೇ” ಎಂದ. ಯುಗಾದಿಗೆ ಬಂದಳು. “ಈಗ ದಿಲ್ಲಿಗೆ ಹೋಗೇತಿ” ಎಂದ. ಆ ಬೇಸಿಗೆಯಲ್ಲಿ ಹುಸೇನಸಾಬರು ತೀರಿಕೊಂಡರು. ಸ್ಟುಡಿಯೋಕ್ಕೆ ಬೀಗ ಬಿತ್ತು. ಇನ್ನು ಆಕೆ ಬರಲಾರಳು ಎಂದು ಚನ್ನವೀರಪ್ಪ ಉಸಿರು ಬಿಟ್ಟ. ಆ ಉಸಿರು ಬಿಟ್ಟದ್ದಕ್ಕೆ ಅವನಿಗೇ ಒಂದು ಕ್ಷಣ ನಾಚಿಕೆಯಾಯಿತು.

ಎರಡನೆಯ ಮಳೆಗಾಲದ ಕೊನೆಗೆ ಗಾಳೆವ್ವ ಮತ್ತೆ ಬಂದಳು. ಮೈಯಲ್ಲಿ ಎಲುಬು, ತೊಗಲು ಅಷ್ಟೇ ಉಳಿದಿತ್ತು. ಕಟ್ಟೆಯ ಮೇಲೆ ಕೂತಳು. ಆಮೇಲೆ ಹೇಳಿದಳು.

“ಎಪ್ಪಾ, ಕಾಪಿ ಬ್ಯಾಡ. ಕಾಪಿ ತಗಿಯಾವ್ರೂ ಹೋದ್ರು. ಒಮ್ಮೆ ನೋಡಿ ಹೋಗ್ತೀನಿ. ಆಕಿ ಧ್ವನಿ ನೆನಪೈತಿ, ನಡಿಗಿ ನೆನಪೈತಿ. ಮಾರಿ ಮಾತ್ರ, ಆಕಿ ಮುಖಾ, ದಿನಾ ಒಂದೀಟು ಅಳಿಸಿ ಹೋಗಾಕತ್ತೈತಿ. ಕಣ್ಣು ಮುಚ್ಚಿದ್ರ ಬರವಲ್ದು. ಹೆತ್ತಾಕಿಗೆ ಮಗಳ ಮಾರಿ ಮರೀತೈತಂದ್ರ ನಾನು ಎಂಥಾಕಿ?”

ಚನ್ನವೀರಪ್ಪ ಮತ್ತೆ ದಿಲ್ಲಿ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿ ಗಿರಿಜವ್ವ ಕಪಾಟಿನ ಕೀಲಿ ತಂದು ಅವನ ಮುಂದಿಟ್ಟಳು.

“ಆಕಿ ಮಗಳ ಮಾರಿ ಆಕಿಗೆ ತೋರಸಾಕ ಇನ್ನೆಷ್ಟು ಊರು ತಿರುಗಸ್ತೀರಿ? ತಗೀರಿ.”

ಅವನು ಎದ್ದು ಕಪಾಟು ತೆರೆದ. ಕಪ್ಪು ಕಾಗದದ ಕಟ್ಟನ್ನು ತಂದು ಗಾಳೆವ್ವನ ಮಡಿಲಲ್ಲಿಟ್ಟ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು, ಕೂಸಿನ ಬಟ್ಟೆ ಬಿಚ್ಚುವ ಹಾಗೆ ಮೆಲ್ಲಗೆ ಕಾಗದ ಬಿಚ್ಚಿದಳು.

ಒಳಗೆ ಹಳದಿ ಬಣ್ಣದ ಹಾಳೆ ಇತ್ತು. ಅಂಚಿನಲ್ಲಿ ಬೆಳಕಿಂಡಿಯ ಒಂದು ಮೂಲೆ ಕಾಣುತ್ತಿತ್ತು, ಕೆಳಗೆ ಸೀರೆಯ ನೆರಿಗೆಯ ಒಂದಷ್ಟು. ನಡುವೆ ಮುಖವಿದ್ದ ಕಡೆ ಕಂದು ಕಲೆ ಹರಡಿತ್ತು. ತೊಳೆಯದೆ ಉಳಿದ ಮದ್ದು ಎರಡು ಮಳೆಗಾಲದ ಥಂಡಿಯಲ್ಲಿ, ಕತ್ತಲಲ್ಲಿ ಕೂತು ತನ್ನ ಕೆಲಸ ಮುಗಿಸಿತ್ತು. ಬೆನ್ನಿನ ಮೇಲೆ ಪೆನ್ಸಿಲ್ಲಿನ ಅಕ್ಷರ ಮಾತ್ರ ನಿಚ್ಚಳವಾಗಿತ್ತು.

ಸ್ಟುಡಿಯೋದ ಬುಟ್ಟಿ, ಸಾಬರ ಕತ್ತರಿ, ಬಕೆಟ್ ನೀರು ಎಲ್ಲ ಒಟ್ಟಿಗೇ ಚನ್ನವೀರಪ್ಪನ ಕಣ್ಣ ಮುಂದೆ ಬಂದವು. ತಪ್ಪನ್ನು ಯಾರ ಮೇಲೆ ಹಾಕೋಣವೆಂದು ನೋಡಿದರೆ ಯಾರೂ ಇರಲಿಲ್ಲ.

ಗಾಳೆವ್ವ ಹಾಳೆಯನ್ನು ಬೆಳಕಿಗೆ ಹಿಡಿದಳು, ಹತ್ತಿರ ತಂದಳು, ದೂರ ಹಿಡಿದಳು. ತನ್ನ ಕಣ್ಣೇ ಮಂಜಾಗಿದೆಯೆಂದು ಮೊದಲು ತಿಳಿದಿದ್ದಳು. ನಿಜ ಗೊತ್ತಾದಾಗ ಅಳಲಿಲ್ಲ. ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಅವನ ಕಡೆಗೆ ತಿರುಗಿದಳು.

“ಹೋಗ್ಲಿ ಬಿಡಪ್ಪ. ನೀ ಆದ್ರೂ ಹೇಳು. ನಿನ್ನ ಗ್ವಾಡಿ ಮ್ಯಾಲ ಇತ್ತಲ್ಲ. ಹೆಂಗ ಇದ್ಲು?”

“ಛಲೋ ಇತ್ತಬೇ. ಮ್ಯಾಲಿಂದ ಬಿಸಲು ಬಿದ್ದಿತ್ತು, ಸುತ್ತ ಅರಳಿ...”

“ಬಿಸಲಲ್ಲಪ್ಪ, ಮಗಳು. ನಗತಿದ್ಲೇನು? ಆಕಿಗೆ ಮುಂದಿನ ಹಲ್ಲು ಅರ್ಧ ಮುರದಿತ್ತು. ನಗೂ ಮುಂದ ಬಾಯಿಗೆ ಕೈ ಅಡ್ಡ ಹಿಡಿತಿದ್ಲು. ಹಿಡದಿದ್ಲೇನು ಫೋಟೋದಾಗ?”

ಚನ್ನವೀರಪ್ಪ ನೆನಪು ಕೆದಕಿದ. ಕಾಗದದ ಉದ್ದ ಅಗಲ ನೆನಪಿತ್ತು. ಚಿತ್ರಶಾಲೆಯವನು ಯಾವ ಮಾತಿನಲ್ಲಿ ಹೊಗಳಿದನೆಂಬುದು ನೆನಪಿತ್ತು. ಬ್ಯಾಂಕಿನ ಸಾಹೇಬರು ಎಷ್ಟು ಹೊತ್ತು ನಿಂತರೆಂಬುದೂ ನೆನಪಿತ್ತು. ಹುಡುಗಿಯ ಬಾಯಿ ನೆನಪಿರಲಿಲ್ಲ. ಕೈ ಎಲ್ಲಿತ್ತೋ ಗೊತ್ತಿರಲಿಲ್ಲ. ನಗುತ್ತಿದ್ದಳು ಎಂದುಬಿಟ್ಟರೆ ಮುಗಿಯುತ್ತಿತ್ತು. ಒಂದೂವರೆ ವರ್ಷ ಸಲೀಸಾಗಿ ಸುಳ್ಳು ಹೇಳಿದ ನಾಲಗೆ ಆ ಒಂದು ಸುಳ್ಳಿಗೆ ಏಳಲಿಲ್ಲ.

“ಗೊತ್ತಿಲ್ಲಬೇ” ಎಂದ. “ನಾ ನೋಡಿಲ್ಲ.”

ಗಾಳೆವ್ವ ಅವನನ್ನೇ ನೋಡಿದಳು. ಸಿಟ್ಟಿನಿಂದಲ್ಲ. ಅವನ ಮೇಲೆ ಕರುಣೆ ಬಂದ ಹಾಗಿತ್ತು, ಅದನ್ನು ಅವನು ಸಾಯುವವರೆಗೂ ಮರೆಯಲಿಲ್ಲ.

“ನನಗಂತೂ ಸಿಗಲಿಲ್ಲ. ನೀನಾದ್ರೂ ನೋಡಿರಬೇಕು ಅಂತ ತಿಳಕೊಂಡಿದ್ದೆ” ಎಂದು ಎದ್ದು, ಹಾಳೆಯನ್ನು ಕಟ್ಟೆಯ ಮೇಲೆ ಬಿಟ್ಟು, ಮೆಟ್ಟಿಲಿಳಿದು ಹೋದಳು.

ನೀತಿ: ಬೇರೆಯವರಿಗೆ ಸಿಗಬಾರದೆಂದು ಮುಚ್ಚಿಟ್ಟುಕೊಂಡ ವಸ್ತು ನಮಗೂ ದಕ್ಕುವುದಿಲ್ಲ. ಕೊಂಡವನೆಲ್ಲ ಒಡೆಯನಲ್ಲ, ಕಣ್ಣಿಟ್ಟು ನೋಡಿದವನು ಒಡೆಯ. ಇನ್ನೊಬ್ಬರ ದುಃಖಕ್ಕೆ ಬೇಕಾದದ್ದು ನಿಮ್ಮ ಕೈಯಲ್ಲಿದ್ದರೆ ದೀಪಾವಳಿ, ಯುಗಾದಿ ಎಂದು ದಿನ ತಳ್ಳಬೇಡಿ. ಕೊಡುವ ಮನಸ್ಸು ನಿಮಗೆ ಬರುವ ಹೊತ್ತಿಗೆ ಕೊಡುವುದಕ್ಕೆ ಏನೂ ಉಳಿದಿರುವುದಿಲ್ಲ.