ಹತ್ತರಿಯ ಅಂಗಾಲು

ಅರಮನೆಯ ಪಾರುಪತ್ತೇಗಾರ ತಿಮ್ಮರಾಜಯ್ಯನವರಿಗೆ ಹೊಳೆಯದ ಪದಾರ್ಥ ಕಂಡರೆ ಆಗದು. ಆಯುಧಪೂಜೆಯಲ್ಲಿ ಮಹಾರಾಜರ ಮುಂದಿಡಲು, ಮರ ನುಣುಪು ಮಾಡುವ ಹೊಸ ಹತ್ತರಿ ಬೇಕೆಂದು ಬಡಗಿ ಪುಟ್ಟಾಚಾರಿಯನ್ನು ಕರೆಸಿದರು.

"ಪಕ್ಕಕ್ಕೆ ಹಿತ್ತಾಳೆ, ಒಳಗೆ ಬೀಟೆ ಮರ, ತಳಕ್ಕೆ ಉಕ್ಕು ಹಾಕ್ತೀನಿ ಬುದ್ಧಿ," ಎಂದ ಆಚಾರಿ.

"ಅರಮನೆ ಹತ್ತರಿಗೆ ಉಕ್ಕೇ? ತಳಕ್ಕೆ ಚಿನ್ನ ಹಾಕು. ಆಗದಿದ್ದರೆ ನಾಳೆಯಿಂದ ಈ ಕಡೆ ಬರಬೇಡ."

ಆಚಾರಿಗೆ ದಿಗಿಲಾಯಿತು. ಚಿನ್ನ ಮೆತ್ತಗೆ. ಮರದ ಮೇಲೆ ಎಳೆದ ಹಾಗೆಲ್ಲ ಸವೆಯುತ್ತದೆ, ಬೈಗುಳ ತನ್ನ ಪಾಲಿಗೆ ಬರುತ್ತದೆ. ಆದರೆ ಅದನ್ನು ಹೇಳಿದರೆ ಕೇಳುವ ಆಸಾಮಿ ಇವರಲ್ಲ.

"ಆಗಲಿ ಬುದ್ಧಿ. ತಳ ಅಂದರೆ ಹತ್ತರಿಯ ಅಂಗಾಲು. ಚಿನ್ನ ಲಕ್ಷ್ಮಿ ಅಂತ ರಾಣಿಯವರೂ ಕಾಲಿಗೆ ಹಾಕ್ಕೊಳ್ಳಲ್ಲ. ಮಹಾರಾಜರು ಕೇಳಿದರೆ, ಲಕ್ಷ್ಮೀನ ಮರಕ್ಕೆ ಉಜ್ಜು ಅಂದೋರು ತಾವೇ ಅಂತೀನಿ."

ಮೀಸೆ ತೀಡುತ್ತಿದ್ದ ತಿಮ್ಮರಾಜಯ್ಯನವರ ಕೈ ಕೆಳಗಿಳಿಯಿತು. ಸೋಲಲು ಮನಸ್ಸಿಲ್ಲ.

"ಹಾಗಾದರೆ ಬೆಳ್ಳಿ ಹಾಕು. ಅದನ್ನ ಕಾಲಿಗೂ ಹಾಕ್ತಾರೆ."

"ಹಾಕ್ತಾರೆ ಬುದ್ಧಿ. ಆದರೆ ಕಾಲುಂಗುರ ಬೆರಳಿಗೆ, ನಡೆಯೋದು ಅಂಗಾಲು. ಅದಕ್ಕೆ ಉಕ್ಕೇ ಇರಲಿ. ಹತ್ತರಿಯ ಮುಂದಿನ ಹಿಡಿಗೂ ಒಂದು ಬೆಳ್ಳಿ ಉಂಗುರ ತೊಡಿಸ್ತೀನಿ."

ತಿಮ್ಮರಾಜಯ್ಯನವರು ಅವನನ್ನೇ ನೋಡಿದರು. ಆಮೇಲೆ ನಕ್ಕುಬಿಟ್ಟರು.

ಪೂಜೆಯ ಮಾರನೆಯ ದಿನ ಮಹಾರಾಜರು ಹತ್ತರಿಯನ್ನು ಹಲಗೆಯ ಮೇಲೆ ಓಡಿಸಿದರು. ಮರದ ಸಿಪ್ಪೆ ರೇಷ್ಮೆಯ ಹಾಗೆ ಸುರುಳಿಯಾಗಿ ಎದ್ದಿತು.

"ಯಾರ ಯೋಚನೆ ಇದು?"

ತಿಮ್ಮರಾಜಯ್ಯನವರು ಮುಂದೆ ಬಂದರು. "ಉಂಗುರ ನನ್ನದು ಮಹಾಸ್ವಾಮಿ," ಎಂದರು. ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಆಚಾರಿಯ ಕಡೆ ತಿರುಗಿ ಸೇರಿಸಿದರು: "ನಡಿಗೆ ಅವನದು."