ಮೀಸೆ ಪಂಡಿತರ ಕೈಗುಣ

ಪ್ರಯೋಗಾಲಯದ ಪಂಜರದಲ್ಲಿದ್ದ ಇಲಿಗಳಿಗೆಲ್ಲ ಹೊಟ್ಟೆಹುಣ್ಣು. ಅವುಗಳಲ್ಲಿ ಹಿರಿಯರಾದ ಮೀಸೆ ಪಂಡಿತರೆಂಬ ಇಲಿ ಎಲ್ಲರಿಗೂ ಮದ್ದು ಹೇಳುತ್ತಿದ್ದರು. "ಬೆಳಗಾಗೆದ್ದು ಪಂಜರದ ಸರಳು ನೆಕ್ಕಿ, ಹುಣ್ಣು ಮಾಯುತ್ತದೆ."

ಎಲ್ಲ ಇಲಿಗಳೂ ನೆಕ್ಕಿದವು. ಮಾಯ್ದದ್ದು ಒಬ್ಬ ಬಸುರಿ ಇಲಿಯ ಹುಣ್ಣು ಮಾತ್ರ.

"ನೋಡಿದಿರಾ ನನ್ನ ಕೈಗುಣ!" ಎಂದು ಪಂಡಿತರು ಮೀಸೆ ತಿರುವಿದರು.

"ನಾವೂ ನೆಕ್ಕಿದೆವಲ್ಲ ಪಂಡಿತರೇ, ನಮಗೇಕೆ ವಾಸಿಯಾಗಲಿಲ್ಲ?" ಎಂದವು ಉಳಿದ ಇಲಿಗಳು.

"ನಿಮಗೆ ಶ್ರದ್ಧೆ ಸಾಲದು. ಇನ್ನೂ ನೆಕ್ಕಿ."

ನಾಲಿಗೆ ಸವೆಯಿತೇ ಹೊರತು ಹೊಟ್ಟೆನೋವು ಹೋಗಲಿಲ್ಲ. ಅಷ್ಟರಲ್ಲಿ ಬಸುರಿ ಹೆತ್ತಳು. ಕೆಲವೇ ದಿನಗಳಲ್ಲಿ ಅವಳ ಹೊಟ್ಟೆಯಲ್ಲೂ ಉರಿ ಮತ್ತೆ ಶುರುವಾಯಿತು.

"ಸರಳು ನೆಕ್ಕುವುದನ್ನು ಬಿಟ್ಟೆಯಾ ತಾಯಿ?" ಎಂದು ಪಂಡಿತರು ಗದರಿದರು.

"ಇಲ್ಲ ಪಂಡಿತರೇ, ಇವತ್ತೂ ನೆಕ್ಕಿದ್ದೇನೆ. ಬಸುರಿನಲ್ಲಿ ಮೈಯೊಳಗೆ ಏರಿದ್ದ ಹಾರ್ಮೋನೇ ಹುಣ್ಣು ಮಾಯಿಸಿತ್ತು ಎಂದು ಇಲ್ಲಿಯ ಡಾಕ್ಟರಮ್ಮ ಹೇಳುತ್ತಿದ್ದರು. ಹೆರಿಗೆಯಾಯಿತು, ಅದು ಇಳಿಯಿತು. ಇರಲಿ ಬಿಡಿ, ಈ ಮಕ್ಕಳ ಮುಖ ನೋಡಿದರೆ ಇಷ್ಟು ಉರಿ ಯಾವ ಲೆಕ್ಕ?" ಎಂದು ಅವಳು ಮರಿಗಳನ್ನು ಮೊಲೆಗೆ ಹಚ್ಚಿಕೊಂಡಳು.

ಇಡೀ ಪಂಜರ ಪಂಡಿತರ ಕಡೆ ತಿರುಗಿತು. ಅವರು ಗಂಟಲು ಸರಿಮಾಡಿಕೊಂಡರು.

"ನನ್ನ ಮದ್ದು ಬಸುರಿಯರಿಗೆ ಮಾತ್ರ ಎಂದು ನಾನು ಮೊದಲೇ ಹೇಳಿದ್ದೆನಲ್ಲ!"

ಮರುದಿನದಿಂದ ಸರಳಿನ ಮುಂದೆ ಬಸುರಿ ಇಲಿಗಳ ಸಾಲು. ಅವರೆಲ್ಲರಿಗೂ ವಾಸಿಯಾಯಿತು. ಪಂಡಿತರ ಹೆಸರು ಪಕ್ಕದ ಪಂಜರಕ್ಕೂ ಹಬ್ಬಿತು.